1930 ಸಹಾಯವಾಣಿ: ನಮ್ಮ ಮಾವನಿಗೆ ಮೋಸ ಆದ ದಿನ ಫೋನ್ ಮಾಡಿದ ಅನುಭವ

ನಮ್ಮ ಸೋದರಮಾವ ತುಮಕೂರಿನ ಬಟವಾಡಿಯಲ್ಲಿ ಒಬ್ಬರೇ ಇದ್ದಾರೆ. ಅತ್ತೆ ತೀರಿಕೊಂಡು ಎರಡು ವರ್ಷ ಆಯ್ತು. ಮೇಷ್ಟ್ರಾಗಿದ್ದವರು, ದಿನದ ಖರ್ಚನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡ್ತಾರೆ. ಹೋದ ತಿಂಗಳು ಸಂಜೆ ಹೋದಾಗ ಅದು ಟೇಬಲ್ ಮೇಲೆ ತೆರೆದೇ ಇತ್ತು. ಹಾಲು 50, ಸೊಪ್ಪು 20, ಕೆಳಗೆ ಅದೇ ದುಂಡು ಅಕ್ಷರದಲ್ಲಿ 'ಪಾರ್ಸಲ್ 35,000'.

ಏನು ಮಾವ ಇದು ಅಂದೆ. ತುಂಬಾ ಹೊತ್ತು ಮಾತೇ ಆಡಲಿಲ್ಲ. ಫೇಸ್‌ಬುಕ್‌ನಲ್ಲಿ ಪರಿಚಯವಾದ ಲಂಡನ್ನಿನ ನರ್ಸ್ ಅಂತೆ, ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ತಿಂಡಿ ತಿಂದ್ರಾ, ಮಾತ್ರೆ ತಗೊಂಡ್ರಾ ಅಂತ ಇಂಗ್ಲಿಷಿನಲ್ಲಿ ಮೆಸೇಜು, ವಿಡಿಯೋ ಕಾಲ್ ಅಂದರೆ ಮಾತ್ರ ಕ್ಯಾಮೆರಾ ಕೆಟ್ಟಿದೆ. ನಾವ್ಯಾರೂ ಅವರನ್ನು ದಿನಾ ಹಾಗೆ ಕೇಳಿರಲಿಲ್ಲ, ಅದು ನನಗೆ ಈಗಲೂ ಚುಚ್ಚುತ್ತೆ. ಅವತ್ತು ಮಧ್ಯಾಹ್ನ 'ದೆಹಲಿ ಕಸ್ಟಮ್ಸ್'ನಿಂದ ಫೋನ್ ಬಂದಿದೆ. ನಿಮಗೆ ಬಂಗಾರ, ಪೌಂಡ್ ಇರೋ ಗಿಫ್ಟ್ ಬಂದಿದೆ, ಸುಂಕ ಕಟ್ಟಿ ಅಂತ. ಇವರು ಕಟ್ಟಿದ್ದಾರೆ. ನಾಳೆಗೆ ಇನ್ನೂ 1,20,000 ಬೇಕಂತೆ. ಕಸ್ಟಮ್ಸ್‌ನವರು ಹೀಗೆ ಫೋನ್ ಮಾಡಿ ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿ ಅನ್ನೋದಿಲ್ಲ. ಆ ನರ್ಸ್ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದೆ. ಅದೇ ಮುಖ, ಬೇರೆ ಹೆಸರು, ಬೇರೆ ದೇಶ.

ಅಲ್ಲಿಂದಲೇ 1930ಕ್ಕೆ ಫೋನ್ ಮಾಡಿದೆವು. ಸೈಬರ್ ವಂಚನೆಗೆ ಅಂತಲೇ ಇರುವ ದೇಶದ ಸಹಾಯವಾಣಿ ಇದು. ಯಾವ ಬ್ಯಾಂಕು, ಎಷ್ಟು ಹೊತ್ತಿಗೆ ಹಾಕಿದ್ದು, ಎಷ್ಟು, ಯುಟಿಆರ್ ನಂಬರ್ ಏನು, ಇಷ್ಟೇ ಕೇಳಿದ್ದು. ಯುಟಿಆರ್ ಅಂದರೆ ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದರೆ ಕಾಣುವ 12 ಅಂಕಿ. ಫೋನ್ ಮಾಡೋ ಮೊದಲೇ ಬರೆದಿಟ್ಟುಕೊಳ್ಳಿ, ಹುಡುಕ್ತಾ ಕೂತರೆ ಸುಮ್ನೆ ಹೊತ್ತು ಹೋಗುತ್ತೆ. ದೂರಿನ ನಂಬರ್ ಎಸ್ಸೆಮ್ಮೆಸ್‌ನಲ್ಲಿ ಬಂತು, ರಾತ್ರಿಯೇ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಚಾಟ್, ಸ್ಕ್ರೀನ್‌ಶಾಟ್ ಎಲ್ಲ ಹಾಕಿದೆವು. ಚಾಟ್ ಡಿಲೀಟ್ ಮಾಡಿಬಿಡ್ತೀನಿ ಅಂತ ಮಾವ ಫೋನ್ ಕಿತ್ತುಕೊಳ್ಳೋಕೆ ಬಂದಿದ್ದರು, ಯಾರೂ ನೋಡಬಾರದು ಅಂತ. ಬೇಡ ಮಾವ, ಸಾಕ್ಷಿ ಇರೋದೇ ಅದರಲ್ಲಿ ಅಂತ ಕೈ ಹಿಡ್ಕೊಂಡೆ.

ನನಗೆ ಈ ಸೇವೆಯಲ್ಲಿ ತುಂಬಾ ಹಿಡಿಸಿದ್ದು ಒಂದೇ. ಆ ಕಡೆಯವರು ಯಾಕೆ ಕೊಟ್ರಿ ಅಂತ ಒಂದು ಸಲವೂ ಕೇಳಲಿಲ್ಲ. ಮಾರನೇ ದಿನ ಬ್ಯಾಂಕಿಗೆ ಹೋದರೆ (ಹೆಸರು ಬೇಡ) ಕೌಂಟರ್‌ನಲ್ಲಿ ಎಲ್ಲರ ಎದುರೇ "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಯಜಮಾನ್ರೇ" ಅಂದರು. ಮಾವ ತಲೆ ಎತ್ತಲಿಲ್ಲ. ಈ ಮಾತಿಗೆ ಹೆದರಿಯೇ ಅಲ್ವಾ ಹಿರಿಯರು ಬಾಯಿ ಬಿಡದೇ ಇರೋದು? ಅವರು ಸುಮ್ಮನಿದ್ದಷ್ಟು ಹೊತ್ತೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟ್ತಾ ಇರುತ್ತೆ.

ನಾವು ಫೋನ್ ಮಾಡೋ ಹೊತ್ತಿಗೆ ಆರು ಗಂಟೆ ಕಳೆದಿತ್ತು. ಅದಕ್ಕೇ 11,000 ಮಾತ್ರ ಖಾತೆಯಲ್ಲಿ ತಡೆ ಹಿಡಿಯೋಕೆ ಆಯ್ತು, ಅದು ಕೂಡ ಕೈಗೆ ಬರೋಕೆ ಸಮಯ ಬೇಕು. ಉಳಿದಿದ್ದಕ್ಕೆ ಇಲ್ಲಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಪೊಲೀಸ್) ಠಾಣೆಯಲ್ಲಿ ದೂರು ನಡೀತಿದೆ, ಬರೋ ಸೋಮವಾರ ಮಾವನ ಜೊತೆ ಮತ್ತೆ ಹೋಗ್ತಿದ್ದೀನಿ.