ಈಸ್ಟ್‌ಪೋರ್ಟ್ ಮರೀನಾ ವಾಕ್, ಅನಾಪೊಲಿಸ್: 5ಕ್ಕೆ 4, ಅಮ್ಮನ ಲೆಕ್ಕದಲ್ಲಿ ಮೂರೂವರೆ

ಫಾಲ್ (ಎಲೆ ಉದುರೋ ಕಾಲ) ಬಂತು ಅಂದ್ರೆ ವಾಷಿಂಗ್ಟನ್ ಡಿಸಿ, ಬಾಲ್ಟಿಮೋರ್ ಕಡೆ ಇರೋ ನಮ್ಮವ್ರೆಲ್ಲ ಬಣ್ಣ ತಿರುಗಿದ ಎಲೆ ನೋಡೋಕೆ ಶೆನಂಡೋವಾ ಬೆಟ್ಟಗಳ ಕಡೆ ಕಾರ್ ಓಡಿಸ್ತಾರೆ, ಅಲ್ಲಿನ ಸ್ಕೈಲೈನ್ ಡ್ರೈವ್ ರಸ್ತೇಲಿ ಎಲೆಗಿಂತ ಮುಂದಿನ ಕಾರಿನ ಬ್ರೇಕ್ ಲೈಟೇ ಜಾಸ್ತಿ ಕೆಂಪಗೆ ಕಾಣ್ಸೋದು. ನಾವೂ ಎರಡು ವರ್ಷ ಮಾಡಿ ಸಾಕಾಗಿತ್ತು. ಈ ಸಲ ಅಮ್ಮ ಊರಿಂದ ಬಂದಿದ್ಲು, ಕುಂದಾಪುರದ ಹತ್ರ ಕಡಲ ದಡದ ಗಂಗೊಳ್ಳಿಯವಳು, ಅವಳಿಗೆ ಬೆಟ್ಟ ಗುಡ್ಡ ಏನೂ ಬೇಡ, ನೀರು ಕಂಡ್ರೆ ಸಾಕು. ಹಂಗಾಗಿ ಅಕ್ಟೋಬರ್ ಕೊನೇ ಶನಿವಾರ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ಗೆ ಹೋದ್ವಿ, ವಾಷಿಂಗ್ಟನ್‌ನಿಂದ ಸುಮಾರು 50 ಕಿಲೋಮೀಟರ್ ಅಷ್ಟೇ.

ಮೊದ್ಲೇ ಹೇಳ್ಬಿಡ್ತೀನಿ, ಅನಾಪೊಲಿಸ್ ಅಂದ್ರೆ ಎಲ್ರೂ ಹೋಗೋದು ಸಿಟಿ ಡಾಕ್‌ಗೆ. ಅದೂ ಚೆನ್ನಾಗಿದೆ, ಅಲ್ಲಿ ಒಳಗೆ ಬರೋ ಸಣ್ಣ ನೀರಿನ ದಾರಿಗೆ ಇಗೋ ಆಲಿ (ಜಂಭದ ಗಲ್ಲಿ) ಅಂತಾನೇ ಹೆಸರು, ದೊಡ್ಡ ಬೋಟ್ ಇರೋರು ಕೊನೇವರೆಗೂ ಬಂದು ತಿರುಗಿಸ್ಕೊಂಡು ಹೋಗ್ತಾರೆ, ಕೆಲ್ಸ ಏನೂ ಇಲ್ಲ, ನಾವು ನೋಡ್ಲಿ ಅಂತ. ಆದ್ರೆ ನಾನು ರಿವ್ಯೂ ಬರೀತಿರೋದು ಆಚೆ ದಡದ ಬಗ್ಗೆ. ಸ್ಪಾ ಕ್ರೀಕ್ (ಕ್ರೀಕ್ ಅಂದ್ರೆ ನೆಲದೊಳಗೆ ಚಾಚಿದ ಸಣ್ಣ ಹಿನ್ನೀರು) ಮೇಲಿನ ಸೇತುವೆ ನಡೆದು ದಾಟಿದ್ರೆ ಈಸ್ಟ್‌ಪೋರ್ಟ್. ಒಂದು ಕಡೆ ಸ್ಪಾ ಕ್ರೀಕ್, ಇನ್ನೊಂದು ಕಡೆ ಬ್ಯಾಕ್ ಕ್ರೀಕ್, ತುದೀಲಿ ಸೆವರ್ನ್ ನದಿ, ನಮ್ಮ ಗಂಗೊಳ್ಳಿ ಥರಾನೇ ನೀರಿಗೆ ನಾಲಿಗೆ ಚಾಚಿದಂಗಿದೆ. ಚಿಕ್ಕ ಚಿಕ್ಕ ಮರದ ಮನೆಗಳು, ಮನೆ ಹಿಂದೆ ಮರೀನಾ (ಬೋಟ್ ಕಟ್ಟಿ ನಿಲ್ಸೋ ಜಾಗ), ಮರೀನಾ ಪಕ್ಕ ಬೋಟ್ ರಿಪೇರಿ ಯಾರ್ಡು. 1951ರಲ್ಲಿ ಅನಾಪೊಲಿಸ್ ಸಿಟಿಗೆ ಸೇರಿಸ್ಕೊಂಡಿದ್ರೂ ಇಲ್ಲಿಯವ್ರಿಗೆ ತಾವೇ ಬೇರೆ ಅನ್ನೋ ಧಿಮಾಕು ಇನ್ನೂ ಇದೆ. 1998ರಲ್ಲಿ ಈ ಸೇತುವೆ ರಿಪೇರಿಗೆ ಬಂದ್ ಆದಾಗ ತಮಾಷೆಗೆ ನಮ್ದು ಬೇರೆ ದೇಶ ಅಂತಾನೇ ಘೋಷಣೆ ಮಾಡ್ಬಿಟ್ರಂತೆ, ಮ್ಯಾರಿಟೈಮ್ ರಿಪಬ್ಲಿಕ್ ಆಫ್ ಈಸ್ಟ್‌ಪೋರ್ಟ್ ಅಂತ, ಆ ಬಾವುಟ ಈಗ್ಲೂ ಹಾರಾಡುತ್ತೆ. ನವೆಂಬರ್ ಮೊದಲ ಭಾಗದಲ್ಲಿ ಕ್ರೀಕಿನ ಆಚೆ ಈಚೆ ನಿಂತು 1700 ಅಡಿ ಹಗ್ಗ ಹಿಡ್ಕೊಂಡು ಹಗ್ಗಜಗ್ಗಾಟ ಬೇರೆ.

ನಾವು ದಾಟ್ತಿರೋವಾಗ್ಲೇ ಗಂಟೆ ಹೊಡೀತು, ಗೇಟ್ ಬಿತ್ತು, ಸೇತುವೆ ಮಧ್ಯಕ್ಕೆ ಸೀಳಿ ಮೇಲೆದ್ದು ನಿಂತಿತು. ಎರಡೂ ಕಡೆ ಕಾರುಗಳ ಸಾಲು, ಕೆಳಗೆ ಒಂದೇ ಒಂದು ಹಾಯಿ ದೋಣಿ, ಅದ್ರಲ್ಲಿ ಒಬ್ಬ ಮುದುಕಪ್ಪ ಕಾಫಿ ಕುಡೀತಾ ಹೋಗ್ತಿದಾನೆ. ಅಮ್ಮನಿಗೆ ಇದೇ ದಿನದ ಹೈಲೈಟ್.

ಈಗ ವಾಕ್ ಬಗ್ಗೆ. ಇಲ್ಲಿನ ಒಳ್ಳೇ ವಿಷ್ಯ ಅಂದ್ರೆ ಸುಮಾರು ರಸ್ತೆಗಳು ನೀರಲ್ಲೇ ಮುಗಿಯುತ್ತೆ, ಆ ತುದೀಲಿ ಒಂದು ಬೆಂಚು, ಒಂದು ಮರ ಇಟ್ಟು ಪುಟಾಣಿ ಪಾರ್ಕ್ ಮಾಡಿದಾರೆ, ಯಾರು ಬೇಕಾದ್ರೂ ಕೂರ್ಬೋದು. ಒಂದು ರಸ್ತೆ ತುದಿ ನೋಡಿ ವಾಪಸ್ ಬಂದು ಪಕ್ಕದ ರಸ್ತೆ ತುದಿಗೆ ಹೋಗೋದು, ಹಿಂಗೇ ಎರಡು ಗಂಟೆ ಕಳೀತು. ಮೇಪಲ್ ಎಲೆ ಹಳದಿ ಕೆಂಪಾಗಿ ನೀರಿಗೇ ಉದುರ್ತಾ ಇರುತ್ತೆ, ಗಾಳಿ ಬಂದಾಗ ಹಾಯಿ ದೋಣಿಗಳ ನೂರಾರು ಅಲ್ಯೂಮಿನಿಯಂ ಕಂಬಕ್ಕೆ ಹಗ್ಗ ಬಡಿದು ಟಿಣ್ ಟಿಣ್ ಅಂತ ಒಂದೇ ಸಮ ಸದ್ದು. ಓಸ್ಪ್ರೇ ಹದ್ದುಗಳು ಅಷ್ಟೊತ್ತಿಗೆ ದಕ್ಷಿಣಕ್ಕೆ ಹೋಗಿರ್ತವೆ, ನೀರಿನ ಮಧ್ಯದ ಕಂಬಗಳ ಮೇಲೆ ಖಾಲಿ ಗೂಡು. ಬೋಟ್ ಹಿಂಭಾಗದಲ್ಲಿ ಬರೆದಿರೋ ಹೆಸರು ಓದ್ತಾ ಹೋಗೋದು ಇನ್ನೊಂದು ಟೈಮ್‌ಪಾಸ್, ನಮ್ಮ ಲಾರಿ ಹಿಂದಿನ ಸಾಹಿತ್ಯ ಇದ್ದಂಗೆ, ಅರ್ಧಕ್ಕರ್ಧ ಪದ ತಿರುಚಿದ ಜೋಕುಗಳು.

ಆದ್ರೆ ಬೇಸಿಗೆ ಬಿಟ್ಟು ಈ ಟೈಮಲ್ಲೇ ಹೋಗಿ ಅನ್ನೋದಕ್ಕೆ ನಿಜವಾದ ಕಾರಣ ಬ್ಯಾಕ್ ಕ್ರೀಕ್ ಕಡೆ ಯಾರ್ಡುಗಳು. ಚಳಿಗಾಲದಲ್ಲಿ ಕ್ರೀಕಿನ ನೀರು ಹೆಪ್ಪುಗಟ್ಟಬಹುದು ಅಂತ ಎಷ್ಟೋ ಜನ ಬೋಟ್ ಮೇಲೆ ಎತ್ತಿಸ್ತಾರೆ. ಅದಕ್ಕೆ ಟ್ರಾವೆಲಿಫ್ಟ್ ಅಂತ ನಾಲ್ಕು ಚಕ್ರದ ದೈತ್ಯ ಗಾಡಿ, ಎರಡು ಅಗಲದ ಬೆಲ್ಟ್ ಹೊಟ್ಟೆ ಕೆಳಗೆ ಹಾಕಿ ತೊಟ್ಟಿಲು ಎತ್ತಿದಂಗೆ ಎತ್ತುತ್ತೆ. ಬೇಲಿ ಆಚೆ ನಿಂತು ಮುಕ್ಕಾಲು ಗಂಟೆ ನೋಡಿದ್ವಿ. ಮೇಲೆ ಬೆಳ್ಳಗೆ ಫಳಫಳ ಅಂತಿದ್ದ ಬೋಟಿನ ಅಡಿ ನೋಡ್ಬೇಕು ನೀವು, ಪಾಚಿ, ಚಿಪ್ಪು, ಲೋಳೆ, ಒಬ್ಬ ಪ್ರೆಶರ್ ವಾಷರ್ ಹಿಡಿದು ಉಜ್ಜಿದ ಮೇಲೆ ನೀಲಿ ಬಣ್ಣ ಕಂಡಿದ್ದು. ಇಂಜಿನ್ ಒಳಗಿನ ನೀರು ಐಸ್ ಆಗಿ ಹಿಗ್ಗಿದ್ರೆ ಬ್ಲಾಕ್ ಸೀಳಿ ಹೋಗುತ್ತೆ, ಅದಕ್ಕೆ ಪಿಂಕ್ ಬಣ್ಣದ ಆ್ಯಂಟಿಫ್ರೀಜ್ ತುಂಬ್ತಾರೆ. ಕೊನೇಗೆ ಇಡೀ ಬೋಟಿಗೆ ಬಿಳಿ ಪ್ಲಾಸ್ಟಿಕ್ ಹೊದಿಸಿ ಗ್ಯಾಸ್ ಟಾರ್ಚಲ್ಲಿ ಬಿಸಿ ತೋರಿಸ್ತಾರೆ, ಅದು ಸುಕ್ಕು ಬಿಡಿಸ್ಕೊಂಡು ಮೈಗೆ ಅಂಟ್ಕೊಳ್ಳುತ್ತೆ.

ಅಮ್ಮ ಎಲ್ಲ ನೋಡಿ, "ನಮ್ಮಲ್ ಮಳ್ಗಾಲ್ದಗೆ ಮಾಡೂದ್ನ ಇವ್ರ್ ಚಳಿಗಾಲ್ದಗೆ ಮಾಡ್ತ್ರ್ ಅಷ್ಟೇ" ಅಂದ್ಲು. ನಿಜ ಅದು. ಜೂನ್ ಜುಲೈ 61 ದಿನ ಮೀನುಗಾರಿಕೆ ನಿಷೇಧ ಅಂದಾಗ ನಮ್ಮಲ್ಲೂ ಬೋಟ್ ದಡಕ್ಕೆ ಎಳೆದು ಬಣ್ಣ ಬಳಿಯೋದು, ಬಲೆ ಹೊಲಿಯೋದು. ಅಲ್ಲಿಂದ್ಲೇ ಮಾವನಿಗೆ ವೀಡಿಯೋ ಕಾಲ್ ಹಾಕಿ ತೋರ್ಸಿದ್ಲು, ಅವನು ಬೋಟಲ್ಲಿ ದುಡಿದವ್ನು. ಅವನು ಕೇಳಿದ್ದು ಒಂದೇ, ಇದ್ರಲ್ಲಿ ಮೀನು ಹಿಡಿಯೋವು ಎಷ್ಟು ಅಂತ. ಅಮ್ಮ ಸುತ್ತ ಒಂದ್ಸಲ ನೋಡಿ, "ಇಷ್ಟ್ ಬೋಟ್ ಇತ್, ಒಂದ್ ಮೀನ್ ವಾಸ್ನಿ ಇಲ್ಯಲೆ!" ಅರ್ಧ ಮಾರ್ಕು ಕಟ್ ಮಾಡಿದ್ದು ಇದಕ್ಕೇ.

ಹಂಗಂತ ಮೀನುಗಾರಿಕೆ ಇರ್ಲೇ ಇಲ್ಲ ಅಂತಲ್ಲ. ಸೆಕೆಂಡ್ ಸ್ಟ್ರೀಟ್ ತುದೀಲಿ ಹಳೇ ಮೆಕ್‌ನ್ಯಾಸ್ಬಿ ಆಯ್ಸ್ಟರ್ (ಒಂಥರಾ ಚಿಪ್ಪು ಮೀನು) ಪ್ಯಾಕಿಂಗ್ ಕಟ್ಟಡದಲ್ಲಿ ಈಗ ಅನಾಪೊಲಿಸ್ ಮ್ಯಾರಿಟೈಮ್ ಮ್ಯೂಸಿಯಂ ಇದೆ, 2003ರ ಇಸಬೆಲ್ ಚಂಡಮಾರುತದಲ್ಲಿ ನೀರು ನುಗ್ಗಿ ಹಾಳಾಗಿದ್ದನ್ನ ಮತ್ತೆ ಕಟ್ಟಿದ್ದು. ಸಣ್ಣದು, ಆದ್ರೆ ಹೋಗಿ. ಚೆಸಪೀಕ್ ಕೊಲ್ಲಿ ಮಧ್ಯೆ ಕಬ್ಬಿಣದ ಕಾಲುಗಳ ಮೇಲೆ ನಿಂತಿರೋ 1875ರ ಥಾಮಸ್ ಪಾಯಿಂಟ್ ದೀಪಸ್ತಂಭದ ಬಗ್ಗೆನೂ ಅಲ್ಲಿ ತಿಳ್ಕೋಬೋದು, ನೋಡೋಕೆ ದೀಪಸ್ತಂಭ ಅಲ್ಲ, ಆರು ಮೂಲೆಯ ಮನೇನ ಯಾರೋ ಸಮುದ್ರದಲ್ಲಿ ಮರೆತು ಬಂದಂಗಿದೆ.

ಊಟ ಸಾಧಾರಣ. ನಾನು ತಿಂದ ಕ್ರ್ಯಾಬ್ ಕೇಕ್ ಚೆನ್ನಾಗೇ ಇತ್ತು, ಓಲ್ಡ್ ಬೇ ಮಸಾಲೆ ಅಮ್ಮನಿಗೂ ಹಿಡಿಸ್ತು, ಪಕ್ಕದ ಟೇಬಲಲ್ಲಿ ಆಯ್ಸ್ಟರ್ ಹಸಿಹಸಿಯಾಗಿ ನುಂಗೋದು ನೋಡಿ ಮಾತ್ರ ಮುಖ ಕಿವುಚಿದ್ಲು, ಮರುವಾಯಿ (ಚಿಪ್ಪು ಮೀನು) ಸುಕ್ಕ ಮಾಡೋ ಕೈ ಅದು. ಇನ್ನೊಂದು ಕಡೆ (ಹೆಸರು ಬೇಡ) ಸೂಪ್ ತಣ್ಣಗಿತ್ತು, ಹೇಳಿದ್ರೆ ಮೈಕ್ರೋವೇವಲ್ಲಿಟ್ಟು ಬಟ್ಟಲು ಸುಡೋ ಹಂಗೆ, ಸೂಪ್ ಮಾತ್ರ ಮೊದ್ಲಿನ ಹಂಗೇ ತಣ್ಣಗೆ ತಂದಿಟ್ರು. ಪಕ್ಕಾ ಸಸ್ಯಾಹಾರಿಗಳು ಚಿತ್ರಾನ್ನ ಕಟ್ಕೊಂಡು ಹೋಗಿ, ಬೆಂಚು ಇದ್ದೇ ಇದೆ.

ಒಂದು ಮಾರ್ಕು ನಾನು ಕಟ್ ಮಾಡಿದ್ದು ಯಾಕಂದ್ರೆ, ಮರೀನಾದ ಡಾಕ್‌ಗಳಿಗೆಲ್ಲ ನಂಬರ್ ಲಾಕ್ ಗೇಟು, ಬೋಟ್ ಹತ್ರ ಹೋಗಂಗಿಲ್ಲ, ಟಾಯ್ಲೆಟ್ಟೂ ಬೋಟ್ ಇರೋರಿಗೇ. ವಯಸ್ಸಾದವ್ರನ್ನ ಕರ್ಕೊಂಡು ಹೋಗೋರು ಇದನ್ನ ತಲೇಲಿಟ್ಕೊಳ್ಳಿ, ನಾವು ಮ್ಯೂಸಿಯಂವರೆಗೂ ಓಡಿದ್ವಿ. ಪಾರ್ಕಿಂಗ್ ಬೋರ್ಡ್ ಪೂರ್ತಿ ಓದಿ, ನಾನು ಅರ್ಧ ಓದಿ ಟಿಕೆಟ್ ಹಾಕಿಸ್ಕೊಂಡೆ, ತಪ್ಪು ನಂದೇ. ಇನ್ನೊಂದು, ಹೋಗೋ ಮುಂಚೆ ಭರತದ (ನೀರು ಉಬ್ಬಿ ಏರೋ) ಟೈಮ್ ನೋಡ್ಕೊಳ್ಳಿ, ಸಿಟಿ ಡಾಕ್ ಕಡೆ ಕೆಲವು ದಿನ ಮಳೆ ಇಲ್ದೇ ಬಿಸಿಲಲ್ಲೇ ರಸ್ತೆ ಮೇಲೆ ನೀರು ಬಂದ್ಬಿಡುತ್ತೆ, ನಿಮ್ಮ ಕಾರು ಅಲ್ಲೇ ನಿಂತಿದ್ರೆ ಕಷ್ಟ.