ಡವ್‌ಕಾಟ್ 2.4ಕ್ಕೆ ಹೋಗುವವರೇ, ಅಳಿಸುವ ಮುನ್ನ ಆ ಸಾಲನ್ನು ಓದಿ

ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡಿರುವ ಸಣ್ಣ ಕಾರ್ಖಾನೆ, ಕಚೇರಿಗಳವರಿಗೆ, ಅದರಲ್ಲೂ ಅದರ ಅಪ್‌ಗ್ರೇಡ್ ಕೆಲಸವನ್ನು ಹೊರಗಿನವರಿಗೆ ಕೊಡುವವರಿಗೆ ಈ ಬರಹ. ಪುಣೆಯ ಭೋಸರಿಯಲ್ಲಿರುವ ನಮ್ಮ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಮೇಲ್ ಸರ್ವರ್ ಬದಲಿಸುವ ಕೆಲಸವನ್ನು ಮಾತ್ರ ಆಡಳಿತದವರು ಒಂದು ಏಜೆನ್ಸಿಗೆ ಒಪ್ಪಿಸಿದರು. ಹೆಸರು ಬೇಡ, ಅಂಥವರು ಎಲ್ಲ ಊರಿನಲ್ಲೂ ಇದ್ದಾರೆ.

ಹಳೆಯ ಸರ್ವರ್‌ನಲ್ಲಿ ಡೆಬಿಯನ್ 11 (ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ), ಅದರ ಮೇಲೆ ಡವ್‌ಕಾಟ್ 2.3 (ಬಂದ ಮೇಲ್‌ಗಳನ್ನು ಇಟ್ಟುಕೊಂಡು ಬಳಕೆದಾರರಿಗೆ ಕೊಡುವ ಸಾಫ್ಟ್‌ವೇರ್). ಹೊಸದರಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, ಅದರೊಂದಿಗೆ ಡವ್‌ಕಾಟ್ 2.4. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮೇಲ್ ಸಾಗಿಸುವ ಸಾಫ್ಟ್‌ವೇರ್ ಆದ ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದಲೇ ‘ಹೊಂದಾಣಿಕೆಯ ಮಟ್ಟ’ ಎಂಬ ಏರ್ಪಾಡು ಮಾಡಿಕೊಂಡಿದೆ: ಹಳೆಯ ಕಾನ್ಫಿಗರೇಶನ್ ಫೈಲ್ (ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲ್) ಕೊಟ್ಟರೆ ಹಳೆಯ ರೀತಿಯಲ್ಲೇ ನಡೆದು, ಆ ಹಳೆಯ ರೀತಿ ವ್ಯತ್ಯಾಸ ತರುವ ಕಡೆ ಲಾಗ್‌ನಲ್ಲಿ ಎಚ್ಚರಿಸುತ್ತದೆ. ಡವ್‌ಕಾಟ್ 2.4 ಹಾಗಲ್ಲ. ಫೈಲಿನ ಮೊದಲಲ್ಲೇ ಕಾನ್ಫಿಗರೇಶನ್ ಆವೃತ್ತಿಯನ್ನು ಬರೆಯದಿದ್ದರೆ ಏಳುವುದೇ ಇಲ್ಲ. ಎಷ್ಟೋ ಸೆಟ್ಟಿಂಗ್‌ಗಳ ಹೆಸರು ಬದಲಾಗಿದೆ, ಕೆಲವು ಎರಡು ಹೋಳಾಗಿವೆ. ಶೇಕಡಾ ಚಿಹ್ನೆಯ ಪಕ್ಕ ಒಂದೇ ಅಕ್ಷರ ಬರೆಯುತ್ತಿದ್ದ ಚುಟುಕು ರೂಪಗಳು ಹೋಗಿ, ಆವರಣದೊಳಗೆ ಪೂರ್ತಿ ಹೆಸರು ಬರೆಯಬೇಕಾಗಿದೆ. ಇದನ್ನು ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ತಪ್ಪಾಗಿ ಓದಿಕೊಂಡು ಸುಮ್ಮನಿರುವುದಕ್ಕಿಂತ ಓದುವುದಿಲ್ಲ ಎಂದು ಹಟ ಹಿಡಿಯುವ ಸಾಫ್ಟ್‌ವೇರ್ ಮೇಲು.

ಆದರೆ ಹಟಕ್ಕೆ ಆ ಏಜೆನ್ಸಿಯ ಹುಡುಗನ ಬಳಿ ಇದ್ದ ಮದ್ದು ಒಂದೇ. ದೋಷ ತೋರಿಸಿದ ಸಾಲನ್ನು ಅಳಿಸು, ಮತ್ತೆ ಚಾಲೂ ಮಾಡು. ಇನ್ನೊಂದು ದೋಷ ಬಂದರೆ ಅದನ್ನೂ ಅಳಿಸು. ಕೊನೆಗೆ ಸರ್ವರ್ ಎದ್ದು ನಿಂತಿತು. ಗುರುವಾರ ನಮ್ಮ ಭಾಗದ ಕಾರ್ಖಾನೆಗಳಿಗೆ ವಾರದ ರಜೆ. ಆ ದಿನವೇ ಕೆಲಸ ಮುಗಿಸಿ, ಪರೀಕ್ಷೆಗೆಂದು ತನ್ನ ಮೊಬೈಲಿನಿಂದ ಒಂದು ಮೇಲ್ ಕಳುಹಿಸಿ ಹೊರಟುಹೋದ.

ಅಳಿಸಿದ ಸಾಲುಗಳಲ್ಲಿ ಒಂದು ಪಾಪ್3 (ಸರ್ವರ್‌ನಿಂದ ಮೇಲ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನ) ಯುಐಡಿಎಲ್‌ನ ರೂಪ ಹೇಳುವ ಸಾಲು. ಯುಐಡಿಎಲ್ ಎಂದರೆ ಪ್ರತಿ ಮೇಲ್‌ಗೂ ಸರ್ವರ್ ಕೊಡುವ ಗುರುತು. ಅದನ್ನು ನೋಡಿಯೇ ಔಟ್‌ಲುಕ್ ‘ಇದನ್ನು ಆಗಲೇ ತಂದಿದ್ದೇನೆ’ ಎಂದು ಬಿಡುತ್ತದೆ. ನಮ್ಮಲ್ಲಿ ಒಂದು ಕಾಲಕ್ಕೆ ಡವ್‌ಕಾಟ್ ಬದಲು ಕೊರಿಯರ್ ಎಂಬ ಬೇರೊಂದು ಮೇಲ್ ಸರ್ವರ್ ಸಾಫ್ಟ್‌ವೇರ್ ಇತ್ತು. ಡವ್‌ಕಾಟ್‌ಗೆ ಬಂದಾಗ ಯಾರೋ ಪುಣ್ಯಾತ್ಮರು ಕೊರಿಯರ್‌ನ ಗುರುತಿನ ರೂಪವನ್ನೇ ಉಳಿಸಿಕೊಳ್ಳುವಂತೆ ಆ ಸಾಲು ಬರೆದಿದ್ದರು. ಅದು ಹೋದೊಡನೆ ಡವ್‌ಕಾಟ್‌ನ ಸ್ವಂತ ರೂಪ ಜಾರಿಗೆ ಬಂತು. ಮೇಲ್‌ಗಳು ಅವೇ, ಗುರುತು ಮಾತ್ರ ಬೇರೆ.

ಶುಕ್ರವಾರ ಬೆಳಿಗ್ಗೆ ಸ್ಟೋರಿನ ಕಾಕಾ ಫೋನ್ ಮಾಡಿದರು. ವಿಜಯಪುರದ ಕಡೆಯವರು, ಮಾತು ಕಡಿಮೆ. “ಸರ್, ಆರ್ಡರ್ ಬಹಳ ಬಂದಿವೆ, ಪ್ರಿಂಟರ್‌ನಲ್ಲಿ ಕಾಗದ ಮುಗಿಯಿತು” ಎಂದರು. ಹೋಗಿ ನೋಡಿದರೆ ಸರ್ವರ್‌ನಲ್ಲಿ ಪ್ರತಿ ಉಳಿಸಿದ್ದ ಹಳೆಯ ಮೇಲ್‌ಗಳೆಲ್ಲ ಓದದ ಮೇಲ್‌ಗಳಾಗಿ ದಪ್ಪ ಅಕ್ಷರದಲ್ಲಿ ಮತ್ತೆ ಇಳಿಯುತ್ತಿವೆ. ಹಿಂದಿನ ವರ್ಷವೇ ಪೂರೈಸಿ, ಹಣವೂ ಬಂದಿದ್ದ ಒಂದು ಆರ್ಡರ್‌ಗೆ ಗರಗಸದ ಬಳಿ ಉಕ್ಕಿನ ಸರಳು ಕತ್ತರಿಸಲು ಶುರುವಾಗಿತ್ತು. ಕಾಕಾ ಅವರದೇನು ತಪ್ಪು? ಮೇಲ್ ಬಂದರೆ ಚೀಟಿ ತೆಗೆಯುವುದು ಅವರ ಕೆಲಸ.

ಸಾಲನ್ನು ಮರಳಿ ಬರೆದರೆ ಸರಿಹೋಗುತ್ತದೆ ಎಂದು ಏಜೆನ್ಸಿಯವರು ಫೋನಿನಲ್ಲೇ ಹೇಳಿದರು. ನಾನು ತಡೆದೆ. ಆಗಲೇ ಹೊಸ ಗುರುತಿನಿಂದ ಇಳಿಸಿಕೊಂಡ ಕಂಪ್ಯೂಟರ್‌ಗಳಿಗೆ ಗುರುತು ಮತ್ತೆ ಬದಲಾದರೆ ಇನ್ನೊಂದು ಸುತ್ತು ಇಳಿಯುವ ಅಪಾಯವಿದೆ. ಆ ದಿನ ಇನ್ನೂ ಮೇಲ್ ತೆರೆಯದಿದ್ದವರಿಗೆ ಮಾತ್ರ, ಬಳಕೆದಾರರ ಮಟ್ಟದಲ್ಲಿ, ಹಳೆಯ ರೂಪವನ್ನು ಹೊಸ ಒಕ್ಕಣೆಯಲ್ಲಿ ಬರೆಸಿದೆ. ಉಳಿದವರು ಕುಳಿತು ಕೈಯಲ್ಲಿ ಅಳಿಸಿದರು.

ಎರಡನೆಯ ಪೆಟ್ಟು ಗುಣಮಟ್ಟ ವಿಭಾಗದಲ್ಲಿ. ಅಲ್ಲಿನ ಅಳತೆ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್ ವಿಂಡೋಸ್ 7ರದ್ದು. ತಪಾಸಣಾ ವರದಿಯನ್ನು ತಾನೇ ಮೇಲ್ ಮಾಡುವ ಅದರ ಸಾಫ್ಟ್‌ವೇರ್‌ಗೆ ಟಿಎಲ್ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ನಡೆಸುವ ವಿಧಾನ) 1.0 ಬಿಟ್ಟರೆ ಬೇರೆ ಗೊತ್ತಿಲ್ಲ. 2021ರಲ್ಲೇ ಅಧಿಕೃತವಾಗಿ ಕೈಬಿಟ್ಟ ಆ ಆವೃತ್ತಿಯನ್ನು, ಸರ್ವರ್‌ನಲ್ಲಿ ಗೂಢಲಿಪಿಯ ಕೆಲಸ ನೋಡಿಕೊಳ್ಳುವ ಹೊಸ ಓಪನ್ಎಸ್ಎಸ್ಎಲ್ ತಾನಾಗಿ ಒಪ್ಪುವುದಿಲ್ಲ. ಏಜೆನ್ಸಿಯ ಪರಿಹಾರ ಕೇಳಿ: ಇಡೀ ಸರ್ವರ್‌ನ ಭದ್ರತಾ ಮಟ್ಟವನ್ನು ಸೊನ್ನೆಗೆ ಇಳಿಸಿ, ಗೂಢಲಿಪಿಯಿಲ್ಲದೆ ಪಾಸ್‌ವರ್ಡ್ ಕಳುಹಿಸಲೂ ಅನುಮತಿ ಕೊಟ್ಟುಬಿಟ್ಟರು. ಇಲಿ ಓಡಾಡಲೆಂದು ಮನೆಯ ಹೆಬ್ಬಾಗಿಲನ್ನೇ ತೆಗೆದಿಟ್ಟಂತೆ. ನಾನು ಅದನ್ನು ತೆಗೆದು, ಪೋಸ್ಟ್‌ಫಿಕ್ಸ್‌ನಲ್ಲಿ ಒಳಜಾಲದ ಬೇರೊಂದು ಪೋರ್ಟ್ ತೆರೆದೆ. ಆ ಒಂದೇ ಐಪಿ ವಿಳಾಸಕ್ಕೆ ಪ್ರವೇಶ, ಲಾಗಿನ್ ಬೇಡ, ನಮ್ಮದೇ ಡೊಮೇನ್‌ಗೆ ಮಾತ್ರ ಮೇಲ್ ಹೋಗುತ್ತದೆ.

ಆದ್ದರಿಂದ ಕೊನೆಯ ಕಂತು ಕೊಡುವ ಮುನ್ನ ಹಳೆಯ ಮತ್ತು ಹೊಸ ಕಾನ್ಫಿಗರೇಶನ್‌ಗಳನ್ನು ಪಕ್ಕಪಕ್ಕದಲ್ಲಿ ಕೇಳಿ. ಬಿಟ್ಟ ಪ್ರತಿ ಸಾಲಿಗೂ ಕಾರಣ ಬರೆಸಿಕೊಳ್ಳಿ. ನಿಮ್ಮಲ್ಲಿರುವ ಅತಿ ಹಳೆಯ ಔಟ್‌ಲುಕ್, ಸ್ಕ್ಯಾನರ್, ಅಳತೆ ಯಂತ್ರಗಳಿಂದ ಮೊದಲು ಪರೀಕ್ಷೆ ಮಾಡಿಸಿ, ಹುಡುಗನ ಮೊಬೈಲಿನಿಂದಲ್ಲ. ಡವ್‌ಕಾಟ್‌ನದೇ ರೆಪ್ಲಿಕೇಶನ್ (ಒಂದು ಸರ್ವರ್‌ನ ಮೇಲ್‌ಗಳನ್ನು ಇನ್ನೊಂದರಲ್ಲೂ ನಕಲಾಗಿ ಇಡುವ ಸೌಲಭ್ಯ) ಬಳಸಿ ಎರಡು ಸರ್ವರ್‌ಗಳನ್ನು ಜೋಡಿಯಾಗಿ ಇಟ್ಟುಕೊಂಡವರಂತೂ ಏಜೆನ್ಸಿಯನ್ನು ಕರೆಯುವ ಮೊದಲೇ ಬೇರೆ ದಾರಿ ಹುಡುಕಬೇಕು: 2.4ರಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಿದ್ದಾರೆ.