ಇಸ್ತೆಗ್ಲಾಲ್ ಅಥವಾ ಪರ್ಸೆಪೊಲಿಸ್: ಯಾವ ಕ್ಲಬ್ಬಿನ ಚರಿತ್ರೆಯನ್ನು ಮೊದಲು ಓದಬೇಕು?

ಇರಾನಿನ ಫುಟ್‌ಬಾಲನ್ನು ಹೊಸದಾಗಿ ಅನುಸರಿಸಲು ಹೊರಟವರು ಟೆಹರಾನಿನ ಈ ಎರಡು ಕ್ಲಬ್ಬುಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗುತ್ತದೆ. ನೀಲಿ ಅಂಗಿಯ ಇಸ್ತೆಗ್ಲಾಲ್ ಹಿರಿಯದು. 1945ರಲ್ಲಿ ಸೈಕಲ್ ಸವಾರರ ಸಂಘವಾಗಿ ಹುಟ್ಟಿ, ಮುಂದೆ ಕಿರೀಟ ಎಂಬ ಅರ್ಥದ ‘ತಾಜ್’ ಹೆಸರನ್ನು ಪಡೆದ ಈ ಕ್ಲಬ್ಬು, ಅರಸೊತ್ತಿಗೆಯನ್ನೇ ಉರುಳಿಸಿದ 1979ರ ಕ್ರಾಂತಿಯ ನಂತರ ಆ ಹೆಸರನ್ನು ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲವಾದ್ದರಿಂದ, ಸ್ವಾತಂತ್ರ್ಯ ಎಂದರ್ಥ ಕೊಡುವ ‘ಇಸ್ತೆಗ್ಲಾಲ್’ ಆಯಿತು. ದೇಶದ ರಾಜಕೀಯ ಚರಿತ್ರೆ ಒಂದು ಕ್ಲಬ್ಬಿನ ಹೆಸರಿನಲ್ಲಿಯೇ ಹೀಗೆ ಅಚ್ಚೊತ್ತಿರುವುದು ಅಪರೂಪ.

ಕೆಂಪು ಅಂಗಿಯ ಪರ್ಸೆಪೊಲಿಸ್ಸನ್ನು ಅಮೆರಿಕದಿಂದ ಮರಳಿದ್ದ ಬಾಕ್ಸಿಂಗ್ ಪಟು ಅಲಿ ಅಬ್ದೊ 1963ರಲ್ಲಿ ಸ್ಥಾಪಿಸಿದರು. ಆದರೆ ಅದಕ್ಕೆ ನಿಜವಾದ ಜೀವ ಬಂದದ್ದು, 1967ರಲ್ಲಿ ಮುಚ್ಚಿಹೋದ ಜನಪ್ರಿಯ ಶಾಹೀನ್ ಕ್ಲಬ್ಬಿನ ಆಟಗಾರರು ಸೇರಿಕೊಂಡ ಮೇಲೆ. ಅವರ ಹಿಂದೆಯೇ ಅಭಿಮಾನಿಗಳೂ ಬಂದರು.

ಏಷ್ಯಾ ಮಟ್ಟದ ಕಿರೀಟವೇ ಮುಖ್ಯವೆನ್ನುವವರಿಗೆ, 1970 ಮತ್ತು 1991ರಲ್ಲಿ ಖಂಡದ ಚಾಂಪಿಯನ್ ಆದ ಇಸ್ತೆಗ್ಲಾಲ್ ತಕ್ಕದ್ದು. ಪರ್ಸೆಪೊಲಿಸ್ 2018 ಮತ್ತು 2020ರ ಏಷ್ಯನ್ ಫೈನಲ್‌ಗಳೆರಡನ್ನೂ ಸೋತಿದೆ. ದೇಶದೊಳಗಿನ ಲೀಗಿನಲ್ಲಿ ಮಾತ್ರ ತಕ್ಕಡಿ ಕೆಂಪಿನತ್ತ ವಾಲುತ್ತದೆ: 2017ರಿಂದ 2021ರವರೆಗೆ ಅದು ಸತತ 5 ಬಾರಿ ಪ್ರಶಸ್ತಿ ಗೆದ್ದಿತು. ಮರುವರ್ಷವೇ ಇಸ್ತೆಗ್ಲಾಲ್ ಒಂದೂ ಪಂದ್ಯ ಸೋಲದೆ ಅದನ್ನು ಕಸಿದುಕೊಂಡಿತೆಂಬುದೂ ನಿಜ. ಓದಿಗೆ ನನ್ನ ಆಯ್ಕೆ ನೀಲಿ. ಆಟ ನೋಡಲು ಕೆಂಪು.